ನವಾಬನಿಗಿಟ್ಟ ಎರೆ

ಬೆಳಗ್ಗೆ ಒಲೆ ಹಚ್ಚುವ ಮೊದಲೇ ನನ್ನ ಮೂಗಿಗೆ ಗೊತ್ತಾಯಿತು, ಆಚೆ ಮನೆಯಲ್ಲಿ ಏನೋ ಕಡಿಮೆಯಾಗಿದೆ ಎಂದು. ದಿನವೂ ಗೋಡೆ ದಾಟಿ ಬರುತ್ತಿದ್ದ ಪುನುಗಿನ ವಾಸನೆ ಅವತ್ತು ಹಳಸಿದಂತಿತ್ತು. ಹಿತ್ತಿಲಿಗೆ ಬಂದು ನಿಂತೆ. ನಿಂತಿದ್ದೇ ತಡ, ಗೋಡೆಯ ಮೇಲೆ ಶರೀಫಾಬೀಯ ಮುಖ ಕಾಣಿಸಿತು. ತಲೆಯ ಮೇಲಿನ ಸೆರಗು ಜಾರಿದ್ದರೂ ಅವಳಿಗೆ ಅದರ ಖಬರಿರಲಿಲ್ಲ.

"ಅಕ್ಕಾ, ನವಾಬ ಹೋಗ್ಯಾನ," ಎಂದಳು.

"ಹೋಗ್ಯಾನಂದ್ರ? ಸತ್ತನೇನು?"

"ಸತ್ತಿದ್ರ ಮಣ್ಣರ ಮಾಡ್ತಿದ್ನಿ. ಭಾಯಿಜಾನ್ ಪಂಜರದ ಬಾಗಲಾ ತೆಗದು ಬಿಟ್ಟಾನ."

ನವಾಬ ಎಂದರೆ ಅವರ ಮನೆಯ ಪುನುಗು ಬೆಕ್ಕು. ಹೆಸರಿಟ್ಟವನು ಅವಳ ಗಂಡ ಖಾಜಾಮಿಯಾ. ಶಹಾಪುರದಲ್ಲಿ ಅತ್ತರು ಮಾರುವವನು ಅವನೊಬ್ಬನೇ. ಬೆಕ್ಕು ಪಂಜರದೊಳಗಿನ ಗೂಟಕ್ಕೆ ಹಿಂಭಾಗ ತಿಕ್ಕಿ ಮೆತ್ತಿದ ಪುನುಗನ್ನು ಚಮಚದಿಂದ ಕೆರೆದು, ಪಿಂಗಾಣಿ ಡಬ್ಬಿಯಲ್ಲಿ ತುಂಬಿ, ಗುಡಿಯ ಪೂಜಾರಿಗಳಿಗೂ ಕಲಬುರ್ಗಿಯ ಅತ್ತರಿನ ಅಂಗಡಿಗಳಿಗೂ ಕೊಡುತ್ತಿದ್ದ. ಅದರ ಹಿಂದಿನ ವರ್ಷ ಪೊಲೀಸ್ ಆಕ್ಷನ್ ಆಗಿ ಮಿಲಿಟರಿ ಬಂದಿತ್ತಲ್ಲ, ಆ ಗದ್ದಲದ ದಿನಗಳಲ್ಲೇ ಅತ್ತರಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಸುರಪುರದ ಕಡೆ ಹೋದವನು ತಿರುಗಿ ಬರಲಿಲ್ಲ. ಸತ್ತ ಎಂದವರಿದ್ದರು. ಹೈದರಾಬಾದಿನಲ್ಲಿ ನೋಡಿದೆ ಎಂದವರಿದ್ದರು. ಹಡಗು ಹತ್ತಿ ಹೋದ ಎಂದು ಕಣ್ಣಾರೆ ಕಂಡವರಂತೆ ಹೇಳಿದವರೂ ಇದ್ದರು. ಶರೀಫಾ ಎಲ್ಲರ ಮಾತನ್ನೂ ಕೇಳಿಸಿಕೊಂಡಳು, ಯಾವುದನ್ನೂ ನಂಬಲಿಲ್ಲ. ಬೆಕ್ಕಿಗೆ ತಾನೇ ಮೇವು ಹಾಕಿ, ತಾನೇ ಪುನುಗು ಕೆರೆದು, ಅದರಿಂದಲೇ ಹೊಟ್ಟೆ ಹೊರೆದುಕೊಂಡು ಆ ಮನೆಯಲ್ಲಿ ಕೂತಳು.

ಅವಳ ಅಣ್ಣ ಬಂದೇನವಾಜನಿಗೆ ಅದು ಸರಿಬರಲಿಲ್ಲ. ಅವನದು ಕಲಬುರ್ಗಿ. ಕೆಟ್ಟವನೇನಲ್ಲ, ಕಂಡದ್ದು ಬಹಳ, ಅದಕ್ಕೆ ಹೆದರಿದ್ದ. ಬಂದಾಗಲೆಲ್ಲ ನಮ್ಮ ಮನೆ ಬಾಗಿಲಿಗೂ ಬಂದು, "ಒಬ್ಬಾಕಿ ಹೆಣ್ಣಮಗಳು, ಕಾಲ ಛಲೋ ಇಲ್ಲ, ನೀವರ ಹೇಳ್ರಿ," ಎಂದು ಗೋಗರೆಯುತ್ತಿದ್ದ. ಶರೀಫಾಳದು ಒಂದೇ ಮಾತು: ನವಾಬ ಇರುವತನಕ ನನ್ನ ಹೊಟ್ಟೆಗೆ ಕಮ್ಮಿಯಿಲ್ಲ, ನಾನು ಬರುವುದಿಲ್ಲ, ಅವರು ಬಂದಾಗ ಬಾಗಿಲಿಗೆ ಬೀಗ ಇರಬಾರದು. ಅದಕ್ಕೇ ಅವನು ಬಾಗಿಲು ತೆಗೆದದ್ದು, ಅವಳ ಮನೆಯ ಬಾಗಿಲಲ್ಲ, ಬೆಕ್ಕಿನದು.

"ಏನಂದ ಮತ್ತ?" ಎಂದೆ.

"ಈಗ ಬರ್ತೀ ಹೌದಲ್ಲ ಅಂದ. ನಾ ಅಂದೆ, ಅದನ್ನ ಹಿಡದು ತರ್ತೀನಿ. ನಕ್ಕ. ಶುಕ್ರವಾರ ನಮಾಜ್ ಮುಗಿಸಿ ಗಾಡಿ ತರ್ತೀನಿ, ಅಷ್ಟರಾಗ ನವಾಬ ಸಿಕ್ಕರ ನಾ ಮತ್ತ ಈ ಮಾತು ಎತ್ತಂಗಿಲ್ಲ ಅಂತ ಖಸಂ ಹಾಕಿ, ಏನೋ ಕೆಲಸ ಅದ ಅಂತ ಯಾದಗಿರಿಗೆ ಹೋದ." ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹಿಡದು ಕೊಡು ಅಕ್ಕಾ."

ನನ್ನ ಮೈಯೆಲ್ಲ ಉರಿಯಿತು. ಅಣ್ಣನ ಮೇಲೆ ಅರ್ಧ ಸಿಟ್ಟು, ಇವಳು ನನ್ನನ್ನು ಕೇಳಬೇಕಾಗಿ ಬಂತಲ್ಲ ಎಂದು ಅರ್ಧ. ಯಾಕೆಂದರೆ ನನಗೂ ಅವಳಿಗೂ ಮದುವೆಯಾಗಿ ಬಂದಾಗಿನಿಂದ ಈ ಗೋಡೆಯ ಮೇಲೆ ಜಗಳ. ನಾವು ಬೇಡರು. ನಮ್ಮ ಯಜಮಾನ ಬೋನು, ಉರುಲು ಕಟ್ಟುತ್ತಾರೆ. ಅದರೊಳಗಿಡುವ ಎರೆ ಮಾಡುವುದು ನಾನು. ನನ್ನ ಅತ್ತೆ ಕಲಿಸಿದ್ದು. ಮೀನು, ಕೊಬ್ಬು, ಕೊಳೆತ ಹಣ್ಣು, ಸೇಂದಿ, ಯಾವ ಪ್ರಾಣಿಗೆ ಯಾವುದು ಎಂದು ಗಡಿಗೆಯಲ್ಲಿ ಕಲಸಿ, ತಿಪ್ಪೆಯಲ್ಲಿ ಹೂತು, ಹದಕ್ಕೆ ಬಂದ ಮೇಲೆ ತೆಗೆಯಬೇಕು. ಗಡಿಗೆ ಬಾಯಿ ಬಿಚ್ಚಿದ ದಿನ ಆಚೆಯಿಂದ ಶರೀಫಾ ಕೂಗುತ್ತಿದ್ದಳು, ನಿನ್ನ ಗಡಿಗಿ ಸುಡ್ಲಿ, ನಮ್ಮ ಗಿರಾಕಿ ಓಡಿ ಹೋಗಾಕತ್ತಾರ ಎಂದು. ನಾನು ಬಿಡುವವಳೇ? ನಿಮ್ಮ ಮನಿ ಊದಿನಕಡ್ಡಿ ವಾಸನಿಗೆ ನನ್ನ ತಲಿ ಸಿಡೀತದ ಎಂದು ತಿರುಗಿಸಿ ಕೊಡುತ್ತಿದ್ದೆ. ಖಾಜಾಮಿಯಾ ಮಾತ್ರ ನಡುವೆ ಬಂದು ನಗುತ್ತಿದ್ದ.

"ಗೊಲ್ಲಾಳಕ್ಕ, ನಿಂದೂ ನಂದೂ ಧಂದೆ ಒಂದ ಅದ ಬಿಡು. ಮೂಗು ಹಿಡದು ಎಳಕೊಂಡು ಬರೋದು."

ಒಳ್ಳೆಯ ಮನುಷ್ಯ. ಬಾಯಲ್ಲಿ ಯಾವಾಗಲೂ ಜರ್ದಾ ಎಲೆ, ಮೈಗೆ ಪುನುಗು, ಅದರ ಕೆಳಗೆ ನಡೆದಾಡುವ ಮನುಷ್ಯನ ಬೆವರು. ಕತ್ತಲಲ್ಲಿ ನಮ್ಮ ಓಣಿಗೆ ಬಂದರೂ ಇವನೇ ಎಂದು ನಾನು ಹೇಳುತ್ತಿದ್ದೆ.

ಅವನು ಹೋದ ಮೇಲೆ ಒಂದು ಶುಕ್ರವಾರ ಸಂಜೆ ರೊಟ್ಟಿ ಬಡಿಯುತ್ತಿದ್ದವಳಿಗೆ ಆ ವಾಸನೆ ಬಂತು. ಮೂರೂ ಕೂಡಿದ ವಾಸನೆ. ಕೈಯಲ್ಲಿದ್ದ ಹಿಟ್ಟು ಹಾಗೇ ಬಿಟ್ಟು ಎದ್ದು ನಿಂತೆ, ಬಂದಾನ ಎಂದು. ಗೋಡೆಯ ಮೇಲಿಂದ ಇಣುಕಿದರೆ ಶರೀಫಾ ಒಬ್ಬಳೇ ಪಡಸಾಲೆಯಲ್ಲಿ ಕೂತಿದ್ದಳು. ಮುಂದೆ ಟ್ರಂಕು ತೆರೆದಿತ್ತು. ಅವನ ಅಂಗಿಯೊಂದನ್ನು ಮುಖಕ್ಕೆ ಒತ್ತಿಕೊಂಡಿದ್ದಳು. ಒಗೆಯದ ಅಂಗಿ. ಒಮ್ಮೆ ಮೂಸಿ, ಮಡಿಚಿ, ಮತ್ತೆ ಟ್ರಂಕಿನಲ್ಲಿಟ್ಟು ಮುಚ್ಚಿದಳು. ವಾರಕ್ಕೊಮ್ಮೆ ಮಾತ್ರ ತೆಗೆಯುತ್ತಿದ್ದಳು. ಪದೇ ಪದೇ ತೆಗೆದರೆ ಆರಿಹೋಗುತ್ತದೆ ಎಂದು ಅವಳಿಗೂ ಗೊತ್ತಿತ್ತು. ನಾನು ಕಂಡದ್ದನ್ನು ಅವಳಿಗೆ ಹೇಳಲಿಲ್ಲ. ಆದರೆ ಆಮೇಲೆ ಗೋಡೆಯ ಮೇಲೆ ಜಗಳ ಆಡುವುದನ್ನು ಬಿಟ್ಟೆ.

"ಅಳಬ್ಯಾಡ," ಎಂದೆ ಈಗ. "ಅಳೋದಕ್ಕ ಯಾವ ಬೆಕ್ಕೂ ಬರಂಗಿಲ್ಲ. ಪಂಜರ ಹೊರಗ ತಗಿ."

ಯಜಮಾನರು ಕೇಳಿ ಗೊಣಗಿದರು. ಸರಕಾರ ಬಂದೂಕು ಜಮಾ ಮಾಡಿಸಿಕೊಂಡಾಗಿನಿಂದ ಅವರಿಗೆ ಯಾವುದರಲ್ಲೂ ಹುರುಪಿರಲಿಲ್ಲ. ದಿನವೆಲ್ಲ ಕಟ್ಟೆಯ ಮೇಲೆ ಕೂತು ಬೀಡಿ ಸೇದುವುದು, ಗುಡ್ಡ ನೋಡುವುದು, ನಿಟ್ಟುಸಿರು ಬಿಡುವುದು. "ಬೆಕ್ಕು ಹಿಡಿಯೋ ಕಾಲ ಬಂತು ನೋಡು," ಎಂದರು. ಆದರೂ ಎದ್ದು ಹೋಗಿ ಪಂಜರಕ್ಕೆ ಬೀಳುವ ಬಾಗಿಲು ಹೊಂದಿಸಿದರು. ಅವರ ಕೈಗೆ ಕೆಲಸ ಸಿಕ್ಕರೆ ಬಾಯಿ ಸುಮ್ಮನಾಗುತ್ತದೆ, ಅದು ನನಗೆ ಗೊತ್ತು.

ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಮೊದಲ ಮಾತು ಇದು: ಮನುಷ್ಯನ ವಾಸನೆ ಇರಬಾರದು. ಎರೆ ಎಷ್ಟೇ ರುಚಿಯಾಗಿರಲಿ, ಬೋನಿಗೆ ಮನುಷ್ಯನ ಕೈ ತಗಲಿದ ವಾಸನೆ ಇದ್ದರೆ ಪ್ರಾಣಿ ದೂರದಿಂದಲೇ ಹೊರಳುತ್ತದೆ. ಹಾಗಾಗಿ ನಾವು ಬೋನನ್ನು ಬೂದಿ ಹಚ್ಚಿ ತಿಕ್ಕುತ್ತೇವೆ, ಬೇವಿನ ಸೊಪ್ಪು ಕುದಿಸಿದ ನೀರು ಹೊಯ್ಯುತ್ತೇವೆ, ಸೆಗಣಿ ಕುಳ್ಳಿನ ಹೊಗೆ ಕೊಡುತ್ತೇವೆ. ಎರೆ ಕಲಸುವ ದಿನಗಳಲ್ಲಿ ನಾನು ತಲೆಗೆ ಎಣ್ಣೆ ಹಚ್ಚುವುದಿಲ್ಲ, ಹೂ ಮುಡಿಯುವುದಿಲ್ಲ, ಎಲೆ ಅಡಿಕೆ ಮುಟ್ಟುವುದಿಲ್ಲ. ಯಜಮಾನರ ಬೀಡಿ ಬಂದ್. ಅದಕ್ಕೇ ಅವರು ಗೊಣಗಿದ್ದು, ಬೆಕ್ಕಿನ ಸಲುವಾಗಿ ಅಲ್ಲ.

ಶರೀಫಾಳಿಗೆ ಎಲ್ಲ ಹೇಳಿಕೊಟ್ಟೆ. ಪಂಜರದ ಒಂದೊಂದು ಸರಳನ್ನೂ ತಿಕ್ಕಿಸಿದೆ. ಒಳಗೆ ಹಾಸಿದ್ದ ಗೋಣಿತಟ್ಟು ಸುಡಿಸಿದೆ. ಪಂಜರದ ಮೂಲೆಯಲ್ಲಿ ಒಂದು ಹಳೆಯ ರುಮಾಲು ಸಿಕ್ಕಿಸಿತ್ತು. ಅದನ್ನು ಹಿಡಿದು ಅವಳು ತಡೆದು ನಿಂತಳು.

"ಇದು ಅವರದು. ಮೇವು ಹಾಕೋ ಮುಂದ ನಾನೂ ಇದನ್ನ ತಲಿಗಿ ಸುತ್ಕೋತಿದ್ನಿ. ಇಲ್ಲಂದ್ರ ನವಾಬ ಕಚ್ಚಾಕ ಬರ್ತಿದ್ದ."

"ಕುದಿಯೋ ನೀರಾಗ ಹಾಕು," ಎಂದೆ. ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತು. ಅವಳು ಹಾಕಿದಳು.

ಎರೆಗೆ ಕೂತೆ. ಸೀತಾಫಲದ ಕಾಲ. ಗುಡ್ಡದ ತುಂಬ ಹಣ್ಣು ಬಿರಿದು ಬಿದ್ದಿದ್ದವು. ಹುಳ ಹತ್ತಿದ್ದನ್ನೇ ಆರಿಸಿ ತಂದು, ಬೆಲ್ಲ ಹಾಕಿ ಕಿವುಚಿ, ಮೇಲೆ ಹುಳಿ ಸೇಂದಿ ಹೊಯ್ದೆ. ಭೀಮಾ ನದಿಯ ಒಣಮೀನನ್ನು ಕುರಿಯ ಕೊಬ್ಬಿನಲ್ಲಿ ಹುರಿದು ಪುಡಿ ಮಾಡಿ ಬೆರೆಸಿದೆ. ಚಿಟಿಕೆ ಇಂಗು. ಒಂದು ಹಳಸಿದ ಮೊಟ್ಟೆ. ಇಷ್ಟು ವರ್ಷ ನನ್ನ ಗಡಿಗೆಯನ್ನು ಬೈದವಳು ಅವತ್ತು ತಾನೇ ಕೋಲು ಹಿಡಿದು ತಿರುವಿದಳು. ಮೂಗು ಕೂಡ ಮುಚ್ಚಿಕೊಳ್ಳಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿ ಗಡಿಗೆಯನ್ನು ಬಿಸಿ ತಿಪ್ಪೆಯಲ್ಲಿ ಹೂತೆವು. ಹದವಾಗಲು ಇನ್ನೂ ಬೇಕಿತ್ತು, ಆದರೆ ಶುಕ್ರವಾರ ನನ್ನ ಹದಕ್ಕೆ ಕಾಯುತ್ತಿರಲಿಲ್ಲ. ಮರುದಿನವೇ ತೆಗೆದೆ.

ಗುಡ್ಡದ ಬುಡದಲ್ಲಿ ಹಳ್ಳ ಇದೆ. ಮರಳಿನ ಮೇಲೆ ನವಾಬನ ಹೆಜ್ಜೆ ಯಜಮಾನರ ಕಣ್ಣಿಗೆ ಬಿತ್ತು. ಎಡಗಾಲಿನ ಒಂದು ಬೆರಳು ಚಿಕ್ಕಂದಿನಲ್ಲೇ ಮುರಿದಿತ್ತು, ಗುರುತು ತಪ್ಪುವಂತಿರಲಿಲ್ಲ. ದೊಡ್ಡ ಬಂಡೆಯ ಮಗ್ಗುಲಲ್ಲಿ ಪಂಜರ ಇಟ್ಟೆವು. ಒಳಗೆ ಎರೆ. ಬಾಗಿಲ ಹತ್ತಿರ ಡಬ್ಬಿಯಿಂದ ತೆಗೆದ ಅವನದೇ ಪುನುಗು ಸ್ವಲ್ಪ ಮೆತ್ತಿದೆ. ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡೆ.

ಆ ವಾರವೆಲ್ಲ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆಯ ಮೇಲೆ ಬೇಳೆ ಇಟ್ಟು ಗುಡ್ಡದ ಕಡೆ ನೋಡುವುದು, ಬೇಳೆ ಹೊತ್ತುವುದು, ಅದಕ್ಕೆ ಯಜಮಾನರನ್ನು ಬೈಯುವುದು. ಅವರಿಗೆ ಬೀಡಿ ಇಲ್ಲ, ನನಗೆ ಎಲೆ ಇಲ್ಲ. ಮನೆಯಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಹರಿಹಾಯ್ದೆವು. ಆಚೆ ಮನೆಯಲ್ಲಿ ಶರೀಫಾ ಗುಡಿಸಿದ ಅಂಗಳವನ್ನೇ ಗುಡಿಸುತ್ತಿದ್ದಳು. ಪೊರಕೆಯ ಸಪ್ಪಳ ನಿಂತರೆ ನನಗೆ ಭಯ, ನಿಲ್ಲದಿದ್ದರೆ ಸಿಟ್ಟು.

ಮೊದಲ ಬೆಳಗ್ಗೆ ಎರೆ ಇಟ್ಟಂತೆಯೇ ಇತ್ತು. ನವಾಬ ಬಂದಿದ್ದ, ಪಂಜರದ ಸುತ್ತ ಮರಳಿನಲ್ಲಿ ಅವನ ಹೆಜ್ಜೆಗಳು ಸುತ್ತಿ ಸುತ್ತಿ ಹೋಗಿದ್ದವು. ಬಾಗಿಲವರೆಗೆ ಬಂದು ನಿಂತು, ತಿರುಗಿದ್ದ. ಮರುದಿನ ಎರೆ ಬದಲಿಸಿದೆ. ಅವತ್ತೂ ಹಾಗೆಯೇ. ಶರೀಫಾಳ ಹಳೆಯ ಸೀರೆಯೊಂದನ್ನು ಹಾಸಿ ನೋಡಿದೆ. ಆ ನಮಕ್‌ಹರಾಮ್ ಸರಳಿನ ಸಂದಿಯಿಂದ ಅದರ ಮೇಲೆ ಉಚ್ಚೆ ಹೊಯ್ದು ಹೋಗಿದ್ದ.

"ನವಾಬಿ ಸೊಕ್ಕು ಇನ್ನೂ ಇಳಿದಿಲ್ಲ ಇದರದು," ಎಂದರು ಯಜಮಾನರು. ನನಗೆ ನಗು ಬರಲಿಲ್ಲ.

ಬುಧವಾರ ಬೆಳಗ್ಗೆ ಶರೀಫಾ ನನ್ನನ್ನು ಹಿತ್ತಿಲಿಗೆ ಕರೆದಳು. ಪಂಜರ ಇಡುತ್ತಿದ್ದ ಜಾಗದಲ್ಲಿ ಬೆಕ್ಕಿನ ಹೇಲು ಬಿದ್ದಿತ್ತು. ಸೀತಾಫಲದ ಬೀಜ ಕಾಣುತ್ತಿದ್ದವು. ಸುತ್ತಲಿನ ಮಣ್ಣನ್ನು ಕೆರೆದು ಕೆರೆದು ಗುಂಡಿ ಮಾಡಿತ್ತು.

"ಮನಿಗೆ ಬಂದಾನ ಅಕ್ಕಾ. ಬಂದು ಹುಡುಕ್ಯಾನ," ಎಂದಳು. "ಹುಡುಕಿ ಹೋಗ್ಯಾನ."

ಆ ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಬೇರೆ ಪ್ರಾಣಿ ಮನುಷ್ಯನ ವಾಸನೆಗೆ ಓಡಿ ಹೋಗುತ್ತದೆ, ಸರಿ. ಇದು ಕಣ್ಣು ತೆರೆಯುವ ಮೊದಲೇ ಮನುಷ್ಯನ ಕೈಗೆ ಬಂದದ್ದು. ಖಾಜಾಮಿಯಾ ಇದಕ್ಕೆ ಬತ್ತಿಯಲ್ಲಿ ಹಾಲು ಕುಡಿಸಿದ್ದ. ಇದಕ್ಕೆ ಮನೆ ಎಂದರೆ ಅವನ ವಾಸನೆ. ಅದನ್ನೇ ನಾನು ಬೂದಿ ಹಚ್ಚಿ, ಬೇವು ಕುದಿಸಿ, ಹೊಗೆ ಕೊಟ್ಟು ತೊಳೆಸಿದ್ದೆ. ಬಾಗಿಲಿಗೆ ಅದರದೇ ಪುನುಗು ಮೆತ್ತಿದ್ದರೂ ಆ ಪಂಜರ ಅದಕ್ಕೆ ಯಾವುದೋ ಬೇರೆ ಜಾಗ ಅನ್ನಿಸಿರಬೇಕು. ನನ್ನ ಅತ್ತೆ, ಅವಳ ಅತ್ತೆ, ಎಲ್ಲರೂ ಹೇಳಿದ ಹಾಗೆಯೇ ಮಾಡಿದ್ದೆ. ಒಂದು ಚೂರೂ ತಪ್ಪಿರಲಿಲ್ಲ. ಹಾಗೆ ಮಾಡಿದ್ದಕ್ಕೇ ಬೆಕ್ಕು ಬರಲಿಲ್ಲ.

"ಅವರ ವಾಸನಿ ಇರೋದು ಮತ್ತ ಏನರ ಅದ ಏನು?" ಎಂದು ಕೇಳಿದೆ. "ಹಾಸಿಗಿ?"

"ರಂಜಾನಿಗೆ ಒಗದೀನಿ."

"ಟೊಪಿಗಿ, ಚಪ್ಪಲಿ?"

"ಹಾಕ್ಕೊಂಡಽ ಹೋದ್ರು."

ಅಂಗಿಯ ಮಾತನ್ನು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎದ್ದು ಮನೆಗೆ ಬಂದು ಯಜಮಾನರಿಗೆ ಟ್ರಂಕಿನ ಅಂಗಿಯ ವಿಷಯ ಹೇಳಿದೆ.

"ಅದನ್ನ ಕೇಳಬ್ಯಾಡ," ಎಂದರು. "ಬೇರೆ ಬೆಕ್ಕು ಹಿಡದು ಕೊಡ್ತೀನಿ."

"ಬೇರೆ ಬೆಕ್ಕು ಮನುಷ್ಯರಿಗೆ ಹೊಂದಿ ಪುನುಗು ಕೊಡೋದ್ರಾಗ ಇನ್ನೊಂದು ದೀಪಾವಳಿ ಬರ್ತದ. ಅಣ್ಣ ನಾಡದು ಬರ್ತಾನ."

"ಹೋಗಲಿ ಬಿಡು ಕಲಬುರ್ಗಿಗೆ. ಅಲ್ಲಿ ಮಂದಿ ಅದಾರ, ಮಕ್ಕಳು ಅದಾವ. ಇಲ್ಲಿ ಏನದ?"

ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಕೊಡ ಎತ್ತಿಕೊಂಡು ಬಾವಿಗೆ ಹೋದೆ, ನೀರು ಸೇದದೆ ತಿರುಗಿ ಬಂದೆ. ಮತ್ತೆ ಹೋದೆ. ಕೊನೆಗೆ ಕೊಡವನ್ನು ಅವಳ ಬಾಗಿಲಲ್ಲೇ ಇಳಿಸಿ ಒಳಗೆ ಹೋಗಿ, ನಿಂತುಕೊಂಡೇ ಕೇಳಿಬಿಟ್ಟೆ. ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

"ಟ್ರಂಕಿನಾಗಿನ ಅಂಗಿ ಕೊಡು."

ಅವಳು ನನ್ನನ್ನು ನೋಡಿದಳು. ಅದು ನನಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ.

"ಅದೊಂದು ಬಿಟ್ಟು ಏನರ ಕೇಳು."

"ಅದೊಂದ ಉಳದದ, ಅದಕ್ಕ ಕೇಳಾಕತ್ತೀನಿ."

"ಬಯಲಾಗ ಇಟ್ಟರ ಗಾಳಿಗಿ ಹೋಗ್ತದ. ಇಬ್ಬನಿಗಿ ಹೋಗ್ತದ. ಬೆಕ್ಕು ಬಂದ್ರ ಬೆಕ್ಕಿಂದು ಹತ್ತತದ. ಆಮ್ಯಾಲ ನಾ ಏನು ಮಾಡ್ಲಿ?"

"ಬೆಕ್ಕು ಬರಲಿಲ್ಲಂದ್ರ ಶುಕ್ರವಾರ ಗಾಡಿ ಹತ್ತಬೇಕಾಗ್ತದ."

ಅವಳ ಮುಖ ಗಡುಸಾಯಿತು. "ನಿನ್ನ ಗಂಡ ಕಟ್ಟಿ ಮ್ಯಾಲ ಕುಂತಾನ ಅಕ್ಕಾ. ನಾಳೆ ಬೀಡಿ ಹಚ್ತಾನ, ನಾಡದು ಹಚ್ತಾನ. ನಿನಗ ಬೇಕಂದಾಗ ವಾಸನಿ ಅದ. ನೀ ಹ್ಯಾಂಗ ಕೇಳ್ತಿ ಇದನ್ನ?"

ಕಪಾಳಕ್ಕೆ ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದೆ. ಕೊಡ ಎತ್ತಿಕೊಂಡು ಮನೆಗೆ ಬಂದೆ. ಪಾತ್ರೆಗಳನ್ನೆಲ್ಲ ದಡಬಡ ಎಂದು ತೊಳೆದೆ. ಅಷ್ಟಾದರೂ ಸಮಾಧಾನವಾಗಲಿಲ್ಲ. ಯಜಮಾನರ ಹತ್ತಿರ ಹೋಗಿ, ಅವರ ಹೆಗಲ ಮೇಲಿನ ಟವೆಲ್ ಎಳೆದು ಮೂಸಿ ನೋಡಿದೆ. ಬೀಡಿ ಬಿಟ್ಟಿದ್ದರೂ ಬೀಡಿಯದೇ ವಾಸನೆ. ಏನಾಯ್ತು ನಿನಗ ಎಂದರು. ಏನಿಲ್ಲ ಎಂದು ಟವೆಲನ್ನು ತಿರುಗಿ ಹೆಗಲ ಮೇಲೆ ಹಾಕಿದೆ.

ಗುರುವಾರ ಬೆಳಗ್ಗೆ ಪಂಜರದ ಹತ್ತಿರ ನವಾಬನ ಹೆಜ್ಜೆಯೇ ಇರಲಿಲ್ಲ. ನರಿಯೊಂದು ಬಂದು ಹೋಗಿತ್ತು. ಹಳ್ಳದ ಗುಂಟ ನೋಡಿಕೊಂಡು ಹೋದ ಯಜಮಾನರು ತಿರುಗಿ ಬಂದು, "ದೂರ ಸರಿಯಾಕತ್ತದ. ಇನ್ನು ಈ ಕಡೆ ಬರಂಗಿಲ್ಲ," ಎಂದರು. ಶರೀಫಾಳಿಗೆ ಹೇಳಬೇಡಿ ಎಂದೆ. ಆದರೆ ಅವರ ದನಿ ದೊಡ್ಡದು, ಗೋಡೆ ಗಿಡ್ಡದು.

ಹೊತ್ತು ಇಳಿಯುವಾಗ ಅವಳು ಬಂದಳು. ಗೋಡೆಯ ಹತ್ತಿರವಲ್ಲ, ಮುಂಬಾಗಿಲಿಂದ. ಎದೆಗೆ ಒಂದು ಗಂಟು ಅವುಚಿಕೊಂಡಿದ್ದಳು.

"ರಾತ್ರಿಯೆಲ್ಲ ವಿಚಾರ ಮಾಡಿದ್ನಿ ಅಕ್ಕಾ," ಎಂದಳು. "ಅವರು ಬಂದಾಗ ಮನ್ಯಾಗ ನಾ ಇರಬೇಕು. ಅಂಗಿ ಇದ್ದು ಏನು ಮಾಡ್ತದ?" ಸ್ವಲ್ಪ ತಡೆದು ಕೇಳಿದಳು, "ಒಂದು ತೋಳು ಕತ್ತರಿಸಿ ಕೊಟ್ಟರ ಸಾಲಂಗಿಲ್ಲೇನು?"

"ಕೊಡಿಲ್ಲಿ," ಎಂದೆ.

ಗಂಟು ಬಿಚ್ಚಿ ಮೂಗಿಗೆ ಹಿಡಿದೆ. ತೋಳುಗಳಲ್ಲಿ ಬರೀ ಬಟ್ಟೆಯ ವಾಸನೆ. ಬೆನ್ನಲ್ಲಿ ಏನೂ ಇಲ್ಲ. ಜೇಬಿನ ಹೊಲಿಗೆಯಲ್ಲಿ ಜರ್ದಾ ಎಳೆಯಷ್ಟು. ಕಂಕುಳಲ್ಲಿ ಬೆವರು, ಅದೂ ಹುಡುಕಿದರೆ ಮಾತ್ರ. ಉಳಿದದ್ದೆಲ್ಲ ಶರೀಫಾಳದು: ಅವಳ ತಲೆಯ ಎಣ್ಣೆ, ಅವಳ ಕೆನ್ನೆ, ಅವಳ ಕಣ್ಣೀರಿನ ಉಪ್ಪು. ಇಷ್ಟು ದಿನ ವಾರಕ್ಕೊಮ್ಮೆ ಅವಳು ಗಂಡನನ್ನು ಮೂಸುತ್ತಾ ತನ್ನನ್ನೇ ಅದಕ್ಕೆ ಹಚ್ಚಿದ್ದಳು. ಅಂಗಿಯನ್ನು ಮಡಿಚಿ ಮತ್ತೆ ಗಂಟು ಕಟ್ಟಿದೆ.

"ತೋಳು ಸಾಲಂಗಿಲ್ಲ," ಎಂದೆ. "ಇಡೀ ಅಂಗಿ ಬೇಕು."

"ವಾಸನಿ ಇನ್ನೂ ಅದ ಹೌದಲ್ಲ?"

"ಅದ."

ಬೆಳಕಿರುವಾಗಲೇ ಮೂವರೂ ಹಳ್ಳಕ್ಕೆ ಹೋದೆವು. ನನ್ನ ಎರೆಯನ್ನು ಪಂಜರದಿಂದ ತೆಗೆದು ದೂರ ಚೆಲ್ಲಿದೆ. ಬೂದಿಯಿಲ್ಲದೆ, ಹೊಗೆಯಿಲ್ಲದೆ, ಬರಿಗೈಯಿಂದಲೇ ಹಾಸು ಎಂದು ಶರೀಫಾಳಿಗೆ ಹೇಳಿದೆ. ಯಜಮಾನರು ನನ್ನ ಮುಖ ನೋಡಿದರು. ಇಷ್ಟು ವರ್ಷದಲ್ಲಿ ಇಂಥ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಅವಳು ಪಂಜರದೊಳಗೆ ಅರ್ಧ ಮೈ ತೂರಿಸಿ ಅಂಗಿ ಹಾಸಿದಳು. ಕಾಲರು ಸರಿಮಾಡಿದಳು. ತೋಳುಗಳನ್ನು ಎರಡೂ ಕಡೆ ಚಾಚಿ, ಸುಕ್ಕು ಬಿಡಿಸಿದಳು. ಆಮೇಲೂ ಈಚೆ ಬರಲಿಲ್ಲ. ಕೊನೆಗೆ ನಾನೇ ಅವಳ ಸೊಂಟ ಹಿಡಿದು ಎಳೆದೆ.

ಆ ರಾತ್ರಿ ಗಾಳಿ ಬೀಸಿತು. ಅದನ್ನು ಹೇಗೆ ಕಳೆದೆವು ಎಂದು ಹೇಳಲು ಹೋಗುವುದಿಲ್ಲ.

ಶುಕ್ರವಾರ ಮೂಡಲ ಕೆಂಪಾಗುವಾಗ ಶರೀಫಾ ನಮಗಿಂತ ಮುಂದೆ ಹೋಗುತ್ತಿದ್ದಳು. ಚಪ್ಪಲಿ ಮರಳಿನಲ್ಲಿ ಸಿಕ್ಕಿದರೆ ಅಲ್ಲೇ ಬಿಟ್ಟು ಹೋದಳು. ಬಂಡೆಯ ಹತ್ತಿರ ಬರುವ ಮೊದಲೇ ನನಗೆ ಗೊತ್ತಾಯಿತು, ವಾಸನೆ ಅಷ್ಟು ಜೋರಾಗಿತ್ತು. ಬಾಗಿಲು ಬಿದ್ದಿತ್ತು. ನವಾಬ ಅಂಗಿಯ ಮೇಲೆ ಸುರುಳಿ ಸುತ್ತಿ, ಕಂಕುಳ ಜಾಗಕ್ಕೆ ಮೂತಿ ತುರುಕಿ ಮಲಗಿದ್ದ. ನಮ್ಮನ್ನು ಕಂಡು ಕಣ್ಣು ತೆರೆದ, ಗುರ್ ಎನ್ನಲಿಲ್ಲ. ಬಂದವನು ಸುಮ್ಮನೆ ಮಲಗಿರಲಿಲ್ಲ. ಅಂಗಿಯ ಎದೆ, ಬೆನ್ನು, ತೋಳು, ಎಲ್ಲ ಕಡೆ ತಿಕ್ಕಿ ತಿಕ್ಕಿ ಪುನುಗು ಮೆತ್ತಿದ್ದ. ಬಿಳಿ ಅಂಗಿ ಹಳದಿಯಾಗಿ ಅಂಟಂಟಾಗಿತ್ತು.

ಹೋಯಿತು, ಎಲ್ಲ ಹೋಯಿತು ಎಂದುಕೊಂಡೆ. ಅವಳ ಮುಖ ನೋಡಲು ಧೈರ್ಯವಾಗಲಿಲ್ಲ. ಪಂಜರವನ್ನು ಮನೆಗೆ ಹೊತ್ತು ತಂದ ಮೇಲೆ, ಅವಳೇ ಸರಳಿನ ಸಂದಿಯಿಂದ ಅಂಗಿಯನ್ನು ಮೆಲ್ಲಗೆ ಎಳೆದುಕೊಂಡಳು. ಮುಖಕ್ಕೆ ಒತ್ತಿದಳು. ಬಹಳ ಹೊತ್ತು ತೆಗೆಯಲಿಲ್ಲ. ಕೊನೆಗೆ ತೆಗೆದಾಗ ಅವಳ ಕಣ್ಣು ಹೊಳೆಯುತ್ತಿದ್ದವು.

"ಬಂದಾರ ಅಕ್ಕಾ," ಎಂದಳು. "ಪಂಜರದ ಕೆಲಸ ಮುಗಿಸಿ ಒಳಗ ಬರ್ತಿದ್ರಲ್ಲ, ಹಂಗಽ ಅದ. ಹೊಸಾದು ಅದ."

ನಾನೂ ಮೂಸಿದೆ. ಪುನುಗು. ಮೇಲೂ ಪುನುಗು, ಕೆಳಗೂ ಪುನುಗು. ಜರ್ದಾ ಇರಲಿಲ್ಲ. ಬೆವರು ಇರಲಿಲ್ಲ. ಆ ಮನುಷ್ಯ ಅದರಲ್ಲಿ ಎಳೆಯಷ್ಟೂ ಉಳಿದಿರಲಿಲ್ಲ. ಅಂಗಿಯನ್ನು ತಿರುಗಿ ಅವಳ ಕೈಗಿಟ್ಟೆ.

ಮಧ್ಯಾಹ್ನ ಗಾಡಿ ಬಂತು. ಬಂದೇನವಾಜ ಇಳಿದು, ಪಂಜರ ನೋಡಿ, ಕಟ್ಟೆಯ ಮೇಲೆ ಕುಸಿದು ಕೂತ. ಆಡಿದ ಮಾತಿಗೆ ತಪ್ಪುವವನಲ್ಲ ಅವನು. ಆದರೆ ಎದ್ದು ಹೋಗಲೂ ಅವನ ಕಾಲು ಬರಲಿಲ್ಲ.

"ಬೆಕ್ಕು ಸಿಕ್ಕದ, ಖರೆ," ಎಂದ. "ಬೆಕ್ಕು ಸಿಕ್ಕರ ಅಂವ ಸಿಕ್ಕಂಗ ಅಲ್ಲ ತಂಗಿ."

ಶರೀಫಾ ಒಳಗಿನಿಂದ ಅಂಗಿ ತಂದು ಅವನ ಮುಂದೆ ಹಿಡಿದಳು. ಅವನು ಮೂಸಿ ಮುಖ ಕಿವುಚಿದ.

"ಇದು ಬೆಕ್ಕಿಂದು. ಬೆಕ್ಕಿನ ನಾತ ಮೂಸಿ ಕುಂಡ್ರತೀಯೇನು ಜನ್ಮ ಎಲ್ಲ?"

"ಅವರದಽ ಅದ," ಎಂದಳು ಅವಳು. ದನಿ ಸಣ್ಣಗಾಗಿತ್ತು. ಮತ್ತೊಮ್ಮೆ ಅಂಗಿಯನ್ನು ಮೂಗಿಗೆ ಒಯ್ದಳು. ಅವಳ ಹುಬ್ಬು ಸ್ವಲ್ಪ ಗಂಟಾಯಿತು, ಏನನ್ನೋ ಹುಡುಕುವವಳಂತೆ. ಅದನ್ನು ಅವನೂ ಕಂಡ, ನಾನೂ ಕಂಡೆ.

ಅವನು ನನ್ನ ಕಡೆ ತಿರುಗಿದ. "ಗೊಲ್ಲಾಳಕ್ಕ, ನಿನ್ನ ಮೂಗು ಶಹಾಪುರಕ್ಕೆಲ್ಲ ಗೊತ್ತದ. ನೀ ಹೇಳು. ನೀ ಅಂವಂದು ಅಂದ್ರ ನಾ ಈಗ ಗಾಡಿ ತಿರುಗಿಸ್ತೀನಿ. ಬೆಕ್ಕಿಂದು ಅಂದ್ರ ಆಕಿ ನನ್ನ ಕೂಡ ಬರಲಿ."

"ಹೇಳಲಿ," ಎಂದಳು ಶರೀಫಾ. "ಅಕ್ಕ ಹೇಳಿದ್ರ ನಾ ಒಪ್ತೀನಿ." ಅಂಗಿಯನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು.

ಗಾಡಿಯ ಎತ್ತು ತಲೆ ಕೊಡವಿ ಗೆಜ್ಜೆ ಸಪ್ಪಳ ಮಾಡಿತು. ಕಲಬುರ್ಗಿಯಲ್ಲಿ ಮಂದಿ ಇದ್ದಾರೆ, ಮಕ್ಕಳಿದ್ದಾರೆ. ಒಂದು ಮಾತು, ನಿಜವಾದ ಮಾತು ಆಡಿದರೆ ಸಾಕು, ಅವಳು ಆ ಮನೆಯಿಂದ ಬಿಡುಗಡೆಯಾಗಿ ಗಾಡಿ ಹತ್ತುತ್ತಾಳೆ. ಆದರೆ ಆ ಮಾತಿನೊಳಗೆ ಇನ್ನೊಂದು ಮಾತಿತ್ತು, ಖಾಜಾಮಿಯಾ ಎಲ್ಲಿಯೂ ಇಲ್ಲ ಎನ್ನುವುದು. ಅದನ್ನು ನಾನು ಹೇಳಬೇಕಾಗಿತ್ತು, ನನ್ನ ಬಾಯಿಂದ, ಅವಳ ಕಣ್ಣು ನೋಡಿಕೊಂಡು. ಅವನ ರುಮಾಲನ್ನು ಕುದಿಯುವ ನೀರಿಗೆ ಹಾಕು ಎಂದಿದ್ದೂ ಇದೇ ಬಾಯಿ.

ಅಂಗಿಯನ್ನು ಮೂಗಿಗೆ ಹಿಡಿದೆ. ಹೊತ್ತು ಮಾಡಿ ಮೂಸಿದೆ.

"ಜರ್ದಾ ಅದ," ಎಂದೆ. "ಬೆವರೂ ಅದ. ಖಾಜಾಮಿಯಾಂದಽ."

ಶರೀಫಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬಂದೇನವಾಜ ನನ್ನ ಮುಖವನ್ನೇ ನೋಡಿದ. ಅವನು ನಂಬಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಎದ್ದು ತಂಗಿಯ ತಲೆಯ ಮೇಲೆ ಕೈಯಿಟ್ಟು, ಗಾಡಿ ತಿರುಗಿಸಿಕೊಂಡು ಹೋದ. ಯಜಮಾನರು ಕಟ್ಟೆಯ ಮೇಲೆ ಕೂತು ವಾರದ ಮೊದಲ ಬೀಡಿ ಹಚ್ಚಿದರು.

ಈಗ ರಾಜ್ಯ ಬದಲಾಗಿದೆ, ನಾವೆಲ್ಲ ಮೈಸೂರಿಗೆ ಸೇರಿದ್ದೇವೆ ಎನ್ನುತ್ತಾರೆ. ನವಾಬ ಮುದಿಯಾಗಿದ್ದಾನೆ. ಪುನುಗು ಮೊದಲಿನಷ್ಟು ಕೊಡುವುದಿಲ್ಲ. ಆದರೂ ಗುರುವಾರ ಬಂತೆಂದರೆ ಶರೀಫಾ ಆ ಅಂಗಿಯನ್ನು ಪಂಜರದಲ್ಲಿ ಹಾಸುತ್ತಾಳೆ, ಶುಕ್ರವಾರ ಸಂಜೆ ತೆಗೆದು ಮುಖಕ್ಕೆ ಒತ್ತಿಕೊಳ್ಳುತ್ತಾಳೆ. ಅವಳ ಬಾಗಿಲಿಗೆ ಬೀಗ ಬಿದ್ದದ್ದನ್ನು ನಾನು ಕಂಡಿಲ್ಲ. ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಬೇಡಿ, ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಆ ಹೊತ್ತಿಗೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತೇನೆ. ಗೋಡೆ ದಾಟಿ ವಾಸನೆ ಬರುತ್ತದೆ. ಅದು ಬೆಕ್ಕಿನದು, ಬರೀ ಬೆಕ್ಕಿನದು, ನನ್ನ ಮೂಗಿಗೆ ಚೆನ್ನಾಗಿ ಗೊತ್ತು. ಆದರೂ ಕೈಯಲ್ಲಿದ್ದ ಹಿಟ್ಟು ಬಿಟ್ಟು ಎದ್ದು ನಿಲ್ಲುತ್ತೇನೆ.